ಕೌನ್ಸಿಲ್ ಸಾಕಿದ ಮಕ್ಕಳು, ಇಪ್ಪತ್ತೈದರ ಗಡಿ

ಇಂಗ್ಲೆಂಡಿನಲ್ಲಿ ಹೆತ್ತವರ ಜೊತೆ ಇರಲಾಗದ ಮಕ್ಕಳನ್ನು ಸಾಕುವ ಹೊಣೆ ಸ್ಥಳೀಯ ಕೌನ್ಸಿಲ್‌ನದು. ಕಸ ಎತ್ತಿಸುವ, ರಸ್ತೆಗುಂಡಿ ಮುಚ್ಚಿಸುವ, ಗ್ರಂಥಾಲಯ ನಡೆಸುವ ಕೌನ್ಸಿಲ್ಲೇ ಆ ಮಕ್ಕಳಿಗೆ ಕಾನೂನಿನ ಕಣ್ಣಲ್ಲಿ ಪೋಷಕ. ಸಾಕಿದ ಹುಡುಗ ಹದಿನೆಂಟು ದಾಟಿ ಬೇರೆ ಮನೆ ಹಿಡಿದನೋ, ಅದೇ ಕೌನ್ಸಿಲ್‌ನ ಇನ್ನೊಂದು ವಿಭಾಗದಿಂದ ಅವನ ಹೆಸರಿಗೆ ಕೌನ್ಸಿಲ್ ಟ್ಯಾಕ್ಸ್ ಎಂಬ ಮನೆ ತೆರಿಗೆಯ ಬಿಲ್ ಬರುತ್ತದೆ. ಒಂದು ಕಂತು ತಪ್ಪಿದರೆ ನೆನಪೋಲೆ. ಅದಕ್ಕೂ ಕಟ್ಟದಿದ್ದರೆ ಇಡೀ ವರ್ಷದ ಬಾಕಿ ಒಂದೇ ಸಲಕ್ಕೆ ಕಟ್ಟೆಂಬ ನೋಟಿಸು, ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್, ಕೊನೆಗೆ ಬಾಗಿಲು ತಟ್ಟುವ ವಸೂಲಿಗಾರ. ಬೇಕೆಂದೇ ಕಟ್ಟಲಿಲ್ಲವೆಂದು ಕೋರ್ಟಿಗೆ ಅನಿಸಿದರೆ ಮೂರು ತಿಂಗಳವರೆಗೆ ಜೈಲಿಗೆ ಕಳಿಸುವ ಅವಕಾಶವೂ ಇಂಗ್ಲೆಂಡಿನ ಕಾನೂನಿನಲ್ಲಿ ಉಳಿದುಕೊಂಡು ಬಂದಿದೆ. ವೇಲ್ಸ್ ಅದನ್ನು 2019ರಲ್ಲಿ ತೆಗೆದುಹಾಕಿತು.

ತಾನೇ ಸಾಕಿದ ಮಗುವಿನ ಮೇಲೆ ತಾನೇ ವಸೂಲಿಗಾರನನ್ನು ಛೂ ಬಿಡುವ ಈ ವಿಚಿತ್ರ ಬಹಳ ವರ್ಷ ಯಾರಿಗೂ ವಿಚಿತ್ರವೆನಿಸಲಿಲ್ಲ. 'ಚಿಲ್ಡ್ರನ್ಸ್ ಸೊಸೈಟಿ' ಎಂಬ ಹಳೆಯ ಸೇವಾಸಂಸ್ಥೆ 2015ರಲ್ಲಿ ಕೌನ್ಸಿಲ್ ಟ್ಯಾಕ್ಸ್ ಸಾಲದ ಬಗ್ಗೆ ವರದಿ ಹೊರತಂದು, ಕೇರ್ ಲೀವರ್‌ಗಳಿಗೆ, ಅಂದರೆ ಕೌನ್ಸಿಲ್‌ನ ಪಾಲನೆಯಲ್ಲಿ ಬೆಳೆದು ಹೊರಬಂದ ಯುವಜನರಿಗೆ, ಈ ತೆರಿಗೆ ಬೇಡವೆಂದು ಒತ್ತಾಯಿಸಿತು. ಒಂದೊಂದೇ ಕೌನ್ಸಿಲ್ ಒಪ್ಪುತ್ತ ಬಂತು. ಸ್ಕಾಟ್ಲೆಂಡ್ 2018ರ ಏಪ್ರಿಲ್‌ನಿಂದ ಇಡೀ ದೇಶಕ್ಕೆ ಅನ್ವಯಿಸುವ ಹಾಗೆ ವಿನಾಯಿತಿ ಕೊಟ್ಟಿತು. ಮರುವರ್ಷ ವೇಲ್ಸ್ ಹಿಂಬಾಲಿಸಿತು. ಇಂಗ್ಲೆಂಡಿನಲ್ಲಿ ಮಾತ್ರ ಇದು ಆಯಾ ಕೌನ್ಸಿಲ್‌ನ ಮರ್ಜಿ. ಮಗುವನ್ನು ಸಾಕಿದ್ದು ಒಂದು ಕೌನ್ಸಿಲ್, ಬೆಳೆದ ಮೇಲೆ ಅವನು ಬಾಡಿಗೆಗಿರುವುದು ಪಕ್ಕದ ಕೌನ್ಸಿಲ್‌ನ ಗಡಿಯೊಳಗೆ ಎಂದಾದರೆ ವಿನಾಯಿತಿ ಸಿಗುವುದಕ್ಕೆ ಖಾತ್ರಿ ಇಲ್ಲ. ಕೌಂಟಿ ಮತ್ತು ಡಿಸ್ಟ್ರಿಕ್ಟ್ ಎಂದು ಎರಡು ಹಂತದ ಆಡಳಿತ ಇರುವ ಕಡೆ ಗೋಜಲು ಇನ್ನೂ ಹೆಚ್ಚು: ಸಾಕುವುದು ಕೌಂಟಿ, ತೆರಿಗೆ ಎತ್ತುವುದು ಡಿಸ್ಟ್ರಿಕ್ಟ್.

ಕೇರ್ ಲೀವರ್‌ಗಳಿಗೆ ಸಿಗುವ ನೆರವಿನ ಕತೆಯೆಲ್ಲ ಹೆಚ್ಚುಕಡಿಮೆ ಹೀಗೆಯೇ ನಡೆದಿದೆ. ಯಾರು ಹೊಣೆ ಎನ್ನುವುದಕ್ಕಿಂತ ಯಾರ ಕಿಸೆಯಿಂದ ಹೋಗಬೇಕು ಎಂಬ ಪ್ರಶ್ನೆಯೇ ಪ್ರತಿ ಹೆಜ್ಜೆಯನ್ನೂ ತೀರ್ಮಾನಿಸಿದೆ.

1989ರ ಚಿಲ್ಡ್ರನ್ ಆ್ಯಕ್ಟ್ ಪಾಲನೆಯಿಂದ ಹೊರಬಂದವರಿಗೆ ಸಲಹೆ, ಸಹಾಯ, ಸ್ನೇಹ ನೀಡಬೇಕು ಎಂದಿತ್ತು. ಆದರೆ ಅದರಲ್ಲಿ ಹಣದ ಸಹಾಯ ಬಹುಪಾಲು ಕೌನ್ಸಿಲ್‌ನ ವಿವೇಚನೆಗೆ ಬಿಟ್ಟದ್ದು. ಆ ಕಾಲಕ್ಕೆ ಹದಿನಾರು-ಹದಿನೇಳರ ಹುಡುಗ ಹುಡುಗಿಯರನ್ನು ಸಾಕುಮನೆಯಿಂದಲೋ ಮಕ್ಕಳ ವಸತಿಗೃಹದಿಂದಲೋ ಹೊರಕಳಿಸುವುದು ಸಾಮಾನ್ಯವಾಗಿತ್ತು. ಲೆಕ್ಕ ಸರಳ. ಒಳಗಿದ್ದಷ್ಟು ದಿನ ಖರ್ಚು ಕೌನ್ಸಿಲ್‌ನದು. ಹೊರಗೆ ಹೋದರೆ ಕೇಂದ್ರ ಸರ್ಕಾರದ ಭತ್ಯೆ ವ್ಯವಸ್ಥೆ ನೋಡಿಕೊಳ್ಳುತ್ತದೆ. ಬೇಗ ಕಳಿಸಿದಷ್ಟೂ ಉಳಿತಾಯ. ಅಧಿಕಾರಿಗಳು ಕಟುಕರಾಗಿದ್ದರು ಎಂದಲ್ಲ, ಬಜೆಟ್ಟು ಅವರನ್ನು ಆ ಕಡೆಗೆ ನೂಕುತ್ತಿತ್ತು.

1998ರಲ್ಲಿ ಆರೋಗ್ಯ ಸಚಿವ ಫ್ರಾಂಕ್ ಡಾಬ್ಸನ್ ದೇಶದ ಕೌನ್ಸಿಲರ್‌ಗಳಿಗೆಲ್ಲ ಪತ್ರ ಬರೆದರು. ಈ ಮಕ್ಕಳ ವಿಷಯದಲ್ಲಿ ನೀವು ಚುನಾಯಿತ ಪ್ರತಿನಿಧಿ ಮಾತ್ರವಲ್ಲ, ಪೋಷಕರು ಕೂಡ. ನಿಮ್ಮದೇ ಮಗುವಾಗಿದ್ದರೆ ಇಷ್ಟು ಸಾಕು ಅನ್ನುತ್ತಿದ್ದಿರಾ ಎಂದು ಕೇಳಿಕೊಳ್ಳಿ ಎಂಬುದು ಅದರ ತಾತ್ಪರ್ಯ. 'ಕಾರ್ಪೊರೇಟ್ ಪೇರೆಂಟ್' ಎಂಬ ಮಾತು ಆಡಳಿತದ ನಿತ್ಯದ ಭಾಷೆಗೆ ಇಳಿದದ್ದು ಆ ದಿನಗಳಲ್ಲಿ. ಪತ್ರಕ್ಕಿಂತ ಹೆಚ್ಚಿನ ಕೆಲಸ ಮಾಡಿದ್ದು ಎರಡು ವರ್ಷದ ನಂತರ ಬಂದ 2000ದ ಲೀವಿಂಗ್ ಕೇರ್ ಕಾನೂನು. 2001ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಅದು ಹದಿನೆಂಟರ ಒಳಗಿನ ಬಹುತೇಕ ಕೇರ್ ಲೀವರ್‌ಗಳಿಗೆ ಸರ್ಕಾರಿ ಭತ್ಯೆಯನ್ನು ನಿಲ್ಲಿಸಿ, ಆ ಹಣವನ್ನೂ ಹೊಣೆಯನ್ನೂ ಕೌನ್ಸಿಲ್‌ಗೆ ವರ್ಗಾಯಿಸಿತು. ಹುಡುಗ ಒಳಗಿದ್ದರೂ ಹೊರಗಿದ್ದರೂ ಖರ್ಚು ಕೌನ್ಸಿಲ್‌ನದೇ. ಬೇಗ ಹೊರದಬ್ಬುವುದರಲ್ಲಿದ್ದ ಲಾಭ ಅಲ್ಲಿಗೆ ಹೋಯಿತು. ನೀತಿಬೋಧೆಯಿಂದ ಆಗದ್ದು ಲೆಕ್ಕಪತ್ರದ ಒಂದು ತಿದ್ದುಪಡಿಯಿಂದ ಆಯಿತು.

ಆಮೇಲೆ ವಯಸ್ಸಿನ ಗಡಿ ಮೆಲ್ಲಮೆಲ್ಲನೆ ಮೇಲೇರಿತು. ಮೊದಲು 21, ಓದುತ್ತಿದ್ದರೆ ಇನ್ನಷ್ಟು ಕಾಲ. 2017ರ ಚಿಲ್ಡ್ರನ್ ಆ್ಯಂಡ್ ಸೋಶಿಯಲ್ ವರ್ಕ್ ಆ್ಯಕ್ಟ್ ಪ್ರಕಾರ, ಓದಲಿ ಓದದಿರಲಿ, ಕೇಳಿದವರಿಗೆಲ್ಲ 25ರವರೆಗೆ ಒಬ್ಬ ಪರ್ಸನಲ್ ಅಡ್ವೈಸರ್. ಕೇರ್ ಲೀವರ್‌ಗಳ ಬಾಯಲ್ಲಿ ಬರೀ 'ಪಿ.ಎ.' ಕೌನ್ಸಿಲ್‌ನ ಒಳಗೆ ಇವರ ಪಾಲಿಗಿರುವ ಒಂದೇ ಮುಖ ಈ ಪಿ.ಎ. ನಿಯಮದ ಪ್ರಕಾರ 21ರವರೆಗೆ ಕನಿಷ್ಠ ಎಂಟು ವಾರಕ್ಕೊಮ್ಮೆ ಭೇಟಿಯಾಗಬೇಕು. ಓದು, ಕೆಲಸ, ಮನೆ, ಆರೋಗ್ಯ, ಹಣಕಾಸು ಎಲ್ಲವನ್ನೂ 'ಪಾತ್‌ವೇ ಪ್ಲಾನ್' ಎಂಬ ಕಡತದಲ್ಲಿ ಬರೆದು ಆರು ತಿಂಗಳಿಗೊಮ್ಮೆ ಪರಿಶೀಲಿಸಬೇಕು. ಒಬ್ಬ ಒಳ್ಳೆಯ ಪಿ.ಎ. ಬಾಡಿಗೆ ಒಪ್ಪಂದ ಓದಿ ಹೇಳುತ್ತಾರೆ, ಆಸ್ಪತ್ರೆಗೆ ಜೊತೆಯಲ್ಲಿ ಹೋಗುತ್ತಾರೆ, ಕೆಲಸದ ಸಂದರ್ಶನದ ಹಿಂದಿನ ರಾತ್ರಿ ಮೆಸೇಜು ಹಾಕುತ್ತಾರೆ. ಕೈಯಲ್ಲಿ ಇಪ್ಪತ್ತು, ಮೂವತ್ತು ಜನರ ಕಡತ ಇಟ್ಟುಕೊಂಡು, ವರ್ಷದೊಳಗೆ ಬೇರೆ ಕೆಲಸಕ್ಕೆ ಹೊರಟುಹೋಗುವ ಪಿ.ಎ. ಇಷ್ಟನ್ನೂ ಮಾಡಲಾರರು. ಹೀಗೆ ಅದೇ ಕಾನೂನಿನಡಿ ಇಬ್ಬರಿಗೆ ಎರಡು ಬಗೆಯ ಯೌವನ ಸಿಗುತ್ತದೆ.

ಕೈಗೆ ಸಿಗುವ ಹಣದ ಮಾತಿಗೆ ಬಂದರೆ, ದೊಡ್ಡದು ಹೊಸ ಮನೆ ಹೂಡುವ ಭತ್ಯೆ. 2023ರ ಏಪ್ರಿಲ್‌ನಲ್ಲಿ ಸರ್ಕಾರ ಇದರ ಮೊತ್ತವನ್ನು 2,000 ಪೌಂಡ್‌ನಿಂದ 3,000ಕ್ಕೆ ಏರಿಸಿತು. ಕೇಳಲು ದೊಡ್ಡ ಮೊತ್ತ. ಆದರೆ ಇಂಗ್ಲೆಂಡಿನಲ್ಲಿ ಕೌನ್ಸಿಲ್ ಅಥವಾ ಹೌಸಿಂಗ್ ಅಸೋಸಿಯೇಶನ್ನಿನ ಫ್ಲ್ಯಾಟು ಹಂಚಿಕೆಯಾದರೆ ಒಳಗೆ ಬಹಳಷ್ಟು ಸಲ ನೆಲಹಾಸೂ ಇರುವುದಿಲ್ಲ. ಹಿಂದಿನವರ ಕಾರ್ಪೆಟ್ಟನ್ನು ಕಿತ್ತು ಬರೀ ಕಾಂಕ್ರೀಟು ಅಥವಾ ಹಲಗೆ ಬಿಟ್ಟಿರುತ್ತಾರೆ. ಒಲೆ ಇರುವುದಿಲ್ಲ, ಫ್ರಿಜ್ ಇರುವುದಿಲ್ಲ, ಕಿಟಕಿಗೆ ಪರದೆ ಇರುವುದಿಲ್ಲ. ಚಳಿದೇಶದಲ್ಲಿ ಕಾರ್ಪೆಟ್ಟು, ಪರದೆ ಶೋಕಿಯ ಸಾಮಾನಲ್ಲ, ಇಲ್ಲದಿದ್ದರೆ ಹೀಟಿಂಗ್ ಬಿಲ್ ಏರುತ್ತದೆ. ಮಂಚ, ಹಾಸಿಗೆ, ಒಲೆ, ಫ್ರಿಜ್, ವಾಷಿಂಗ್ ಮಷೀನ್, ಪಾತ್ರೆಪಡಗ ಎನ್ನುವಷ್ಟರಲ್ಲಿ ಮೂರು ಸಾವಿರ ಕರಗುತ್ತದೆ. ಹಣವನ್ನು ಕೈಗೆ ಕೊಡದೆ, ಕೌನ್ಸಿಲ್ ಗೊತ್ತು ಮಾಡಿದ ಅಂಗಡಿಯಲ್ಲೇ ಕೊಳ್ಳಬೇಕೆನ್ನುವ ಕಡೆಗಳಲ್ಲಿ ಇನ್ನೂ ಬೇಗ.

ಖಾಸಗಿ ಮನೆ ಹುಡುಕುವವರಿಗೆ ಇನ್ನೊಂದು ತೊಡಕು. ಮನೆಮಾಲೀಕರು ಜಾಮೀನುದಾರರನ್ನು ಕೇಳುತ್ತಾರೆ. ಬೇರೆ ಮಕ್ಕಳಿಗೆ ಅಪ್ಪನೋ ಅಮ್ಮನೋ ಸಹಿ ಹಾಕಿದರೆ ಮುಗಿಯಿತು. ಇಲ್ಲಿ ಅಪ್ಪ-ಅಮ್ಮನ ಸ್ಥಾನದಲ್ಲಿರುವ ಕೌನ್ಸಿಲ್ ಸಹಿ ಹಾಕುತ್ತದೆಯೇ? ಕೆಲವು ಹಾಕುತ್ತವೆ, ಅಡ್ವಾನ್ಸನ್ನೂ ಕೊಡುತ್ತವೆ. ಹಲವು ಹಾಕುವುದಿಲ್ಲ. ಕೊಡುವ ಸೌಲಭ್ಯಗಳ ಪಟ್ಟಿಯನ್ನು ಪ್ರತಿ ಕೌನ್ಸಿಲ್ ಪ್ರಕಟಿಸಲೇಬೇಕೆಂದು 2017ರ ಕಾಯ್ದೆ ಹೇಳಿದೆ. ಪಟ್ಟಿಯಲ್ಲಿ ಏನಿರಬೇಕು ಎಂಬುದನ್ನು ಬಹುಮಟ್ಟಿಗೆ ಅವುಗಳಿಗೇ ಬಿಟ್ಟಿದೆ. ಒಂದೂರಿನ ಪಟ್ಟಿಯಲ್ಲಿ ಈಜುಕೊಳದ ಪಾಸು, ವಾಹನ ಚಾಲನೆ ತರಬೇತಿ, ಬಸ್ ಪಾಸು. ಇನ್ನೊಂದೂರಿನದರಲ್ಲಿ ಕಾನೂನು ಕಡ್ಡಾಯ ಮಾಡಿದ್ದನ್ನೇ ಬಣ್ಣದ ಅಕ್ಷರಗಳಲ್ಲಿ ಮತ್ತೆ ಅಚ್ಚು ಹಾಕಿರುತ್ತಾರೆ. ಲಂಡನ್ನಿನಲ್ಲಿ ಕೇರ್ ಲೀವರ್‌ಗಳಿಗೆ ಬಸ್ಸು, ಟ್ರಾಮ್ ದರ ಅರ್ಧ ಆದದ್ದು 2024ರಲ್ಲಿ.

ಇಷ್ಟಕ್ಕೂ ಈ ಹಕ್ಕು ಯಾರಿಗೆ? ಹದಿನಾಲ್ಕು ತುಂಬಿದ ಮೇಲೆ ಒಟ್ಟು 13 ವಾರ ಕೌನ್ಸಿಲ್‌ನ ಪಾಲನೆಯಲ್ಲಿ ಇದ್ದಿರಬೇಕು, ಅದರಲ್ಲಿ ಒಂದಷ್ಟು ದಿನ ಹದಿನಾರು ದಾಟಿದ ನಂತರದ್ದಾಗಿರಬೇಕು. ಹದಿಮೂರು ವಾರ ಎಂಬ ಈ ಗೆರೆಯ ಸುತ್ತ ಎಷ್ಟೋ ಮೊಕದ್ದಮೆಗಳು ನಡೆದಿವೆ. ಹೀಥ್ರೂ ವಿಮಾನ ನಿಲ್ದಾಣ ಇರುವುದು ಲಂಡನ್ನಿನ ಹಿಲಿಂಗ್‌ಡನ್ ಕೌನ್ಸಿಲ್ ವ್ಯಾಪ್ತಿಯಲ್ಲಿ. ದೊಡ್ಡವರಿಲ್ಲದೆ ಒಂಟಿಯಾಗಿ ಬಂದಿಳಿದು ಆಶ್ರಯ ಕೇಳುವ ಹದಿಹರೆಯದವರು ಸಹಜವಾಗಿ ಆ ಕೌನ್ಸಿಲ್‌ನ ಮಡಿಲಿಗೆ ಬೀಳುತ್ತಾರೆ. ಇವರಿಗೆ ಊಟ, ವಸತಿ ಕೊಟ್ಟಿದ್ದೇವೆ ನಿಜ, ಆದರೆ ಅದು 1989ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರದ ನೆರವು, 20ನೇ ಸೆಕ್ಷನ್ ಪ್ರಕಾರದ ಪಾಲನೆ ಅಲ್ಲ, ಹಾಗಾಗಿ ಹದಿನೆಂಟರ ನಂತರದ ಹೊಣೆ ನಮಗಿಲ್ಲ ಎಂದಿತು ಕೌನ್ಸಿಲ್. 2003ರಲ್ಲಿ ಹೈಕೋರ್ಟ್ ಈ ವಾದವನ್ನು ಒಪ್ಪಲಿಲ್ಲ. ಕಡತದ ಮೇಲಿನ ಸೆಕ್ಷನ್ ಸಂಖ್ಯೆ ಏನೇ ಇರಲಿ, ನಿಜದಲ್ಲಿ ಕೊಟ್ಟದ್ದೇನು ಎಂದು ನೋಡಿತು.

2009ರಲ್ಲಿ ಲಂಡನ್ನಿನದೇ ಸದರ್ಕ್ ಕೌನ್ಸಿಲ್‌ನ ಪ್ರಕರಣ, ಆಗ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಅಮ್ಮ ಮನೆಯಿಂದ ಹೊರಹಾಕಿದ್ದ ಹದಿನೇಳರ ಹುಡುಗ ಗೆಳೆಯರ ಮನೆಯ ಸೋಫಾಗಳ ಮೇಲೆ ಮಲಗುತ್ತಿದ್ದ. ಅವನಿಗೆ ಬೇಕಿರುವುದು ಮನೆ ಮಾತ್ರ, ವಸತಿ ವಿಭಾಗಕ್ಕೆ ಹೋಗಲಿ ಎಂದಿತು ಕೌನ್ಸಿಲ್. ವಸತಿ ವಿಭಾಗಕ್ಕೆ ಹೋದರೆ ಅವನು ಒಬ್ಬ ನಿರಾಶ್ರಿತ. ಮಕ್ಕಳ ವಿಭಾಗಕ್ಕೆ ಸೇರಿದರೆ ಪಾಲನೆಯಲ್ಲಿರುವ ಮಗು, ನಾಳೆ ಕೇರ್ ಲೀವರ್, ವರ್ಷಗಟ್ಟಲೆ ಹಕ್ಕುದಾರ. ನ್ಯಾಯಮೂರ್ತಿ ಲೇಡಿ ಹೇಲ್ ಬರೆದ ಮುಖ್ಯ ತೀರ್ಪು ಹುಡುಗನ ಪರವಾಗಿತ್ತು: ಇಂಥ ಮಗುವಿನ ಹೊಣೆಯನ್ನು ಮಕ್ಕಳ ವಿಭಾಗ ಇನ್ನೊಂದು ವಿಭಾಗದ ತಲೆಗೆ ಕಟ್ಟುವಂತಿಲ್ಲ. ತೀರ್ಪು ಬಂದು ಇಷ್ಟು ವರ್ಷವಾದರೂ ಹದಿನಾರು-ಹದಿನೇಳರ ಮಕ್ಕಳನ್ನು ಅದೇ ಹಳೆಯ ಬಾಗಿಲಿಗೆ ಕಳಿಸುವ ಚಾಳಿ ಪೂರ್ತಿ ನಿಂತಿಲ್ಲ. ವಕೀಲರಿಲ್ಲದ ಹದಿನೇಳರ ಹುಡುಗನಿಗೆ ಸೆಕ್ಷನ್ 17ಕ್ಕೂ 20ಕ್ಕೂ ಇರುವ ಅಂತರ ಹೇಗೆ ತಿಳಿಯಬೇಕು?

2021ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 20ರಿಂದ 24ರ ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇನ್ನೂ ತಂದೆತಾಯಿಯ ಮನೆಯಲ್ಲೇ ಇದ್ದರು. ಇಂಗ್ಲಿಷರು ಹದಿನೆಂಟಕ್ಕೆ ಮನೆ ಬಿಟ್ಟು ಹೋಗುತ್ತಾರೆ ಎಂದು ನಮ್ಮಲ್ಲಿ ಸಲೀಸಾಗಿ ಹೇಳುವವರು ಈ ಅಂಕಿಯನ್ನು ಗಮನಿಸಬೇಕು. ಬಾಡಿಗೆ ದುಬಾರಿ, ಸಂಬಳ ಸಣ್ಣದು. ಮನೆಯಿದ್ದವರು ಬಿಡುವುದಿಲ್ಲ, ಬಿಟ್ಟವರೂ ಸೋತು ಮರಳುತ್ತಾರೆ. ಮರಳಲು ಮನೆ ಇಲ್ಲದವರೇ ಎಲ್ಲರಿಗಿಂತ ಮೊದಲು ಹೊರಡಬೇಕಾಗಿದೆ.

ಇದಕ್ಕೆ ಉತ್ತರವಾಗಿ 2014ರಲ್ಲಿ 'ಸ್ಟೇಯಿಂಗ್ ಪುಟ್' ಬಂತು. ಸಾಕು ಪೋಷಕರೂ ಹುಡುಗನೂ ಒಪ್ಪಿದರೆ 21ರವರೆಗೆ ಅದೇ ಮನೆಯಲ್ಲಿ ಇರಬಹುದು. ಒಳ್ಳೆಯ ಕಾನೂನು, ಆದರೆ ಅದರಲ್ಲೂ ಹಣದ್ದೇ ತಕರಾರು: ಹದಿನೆಂಟು ತುಂಬಿದ ಮರುದಿನದಿಂದ ಸಾಕು ಪೋಷಕರಿಗೆ ಬರುವ ಮೊತ್ತ ಸಾಮಾನ್ಯವಾಗಿ ಇಳಿಯುತ್ತದೆ, ಆ ಕೋಣೆಯಲ್ಲಿ ಇನ್ನೊಂದು ಮಗುವನ್ನು ಇಟ್ಟುಕೊಂಡರೆ ಹೆಚ್ಚು ಸಿಗುತ್ತದೆ. ಮಕ್ಕಳ ವಸತಿಗೃಹಗಳಲ್ಲಿ ಬೆಳೆದವರಿಗೆ ಈ ಅವಕಾಶವೂ ಇರಲಿಲ್ಲ. ಹಳೆಯ ವಸತಿಗೃಹದ ಹತ್ತಿರವೇ ಮನೆ, ಪರಿಚಿತ ಸಿಬ್ಬಂದಿಯ ಒಡನಾಟ ಒದಗಿಸುವ 'ಸ್ಟೇಯಿಂಗ್ ಕ್ಲೋಸ್' ಪ್ರಯೋಗ ಅವರಿಗಾಗಿ ಆಮೇಲೆ ಶುರುವಾಯಿತು.

ಇವುಗಳ ನಡುವೆ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ಹುಟ್ಟಿದ ಒಂದು ಉಪಾಯ ಬೇರೆಯೇ ಜಾಡಿನದು. ಕುಂಬಾರಿಕೆಗೆ ಹೆಸರಾಗಿದ್ದು ಕಾರ್ಖಾನೆಗಳು ಮುಚ್ಚಿದ ಮೇಲೆ ಸೊರಗಿದ ಊರು ಅದು. ಅಲ್ಲಿ ಪಾಲನೆಯಿಂದ ಹೊರಡಲಿರುವ ಹುಡುಗ ಹುಡುಗಿಯರ ಒಂದು ಸಣ್ಣ ತಂಡ ಕಟ್ಟಿ, ಅವರವರು ಇರಲಿರುವ ಮನೆಗಳನ್ನು ಅವರ ಕೈಯಿಂದಲೇ ಸಜ್ಜುಗೊಳಿಸಿದರು. ಗೋಡೆಗೆ ಬಣ್ಣ ಬಳಿಯುವುದು, ವಿದ್ಯುತ್ ಮೀಟರ್ ಓದುವುದು, ನೆರೆಯವರ ಜೊತೆ ಜಗಳ ಬಂದರೆ ಏನು ಮಾಡುವುದು ಎಲ್ಲ ಒಟ್ಟಿಗೆ ಕಲಿತರು. ಮನೆಗೆ ಹೋದ ಮೇಲೆ ಹೊರಡಿಸುವವರಿಲ್ಲ. ಬಾಡಿಗೆದಾರರಾಗಿ ಅಲ್ಲೇ ನೆಲೆಸಬಹುದು. 'ಹೌಸ್ ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ಈಗ ಇದು ಬೇರೆ ಕೌನ್ಸಿಲ್‌ಗಳಿಗೂ ಹಬ್ಬಿದೆ. ಇದರ ಜಾಣತನ ಬಣ್ಣ ಬಳಿಯುವುದರಲ್ಲಿಲ್ಲ. ಹೊಸ ಮನೆಯ ಮೊದಲ ವಾರ ಫ್ಯೂಸ್ ಹೋದಾಗ ಫೋನ್ ಮಾಡಲು ಅದೇ ಪಾಡಿನ ನಾಲ್ಕೈದು ಜನ ಗೊತ್ತಿರುತ್ತಾರಲ್ಲ, ಅದರಲ್ಲಿದೆ. ಒಬ್ಬಂಟಿತನದ ಬಗ್ಗೆ ಪಾತ್‌ವೇ ಪ್ಲಾನಿನಲ್ಲಿ ಒಂದು ಕಲಂ ಇದ್ದೇ ಇರುತ್ತದೆ, ಅದನ್ನು ತುಂಬಿದ ಮಾತ್ರಕ್ಕೆ ಪಕ್ಕದ ಮನೆಯಲ್ಲಿ ಗೆಳೆಯ ಹುಟ್ಟುವುದಿಲ್ಲ.

ಕವಿ ಲೆಮ್ನ್ ಸಿಸ್ಸೆ ಅವರ ಬದುಕು ಈ ವ್ಯವಸ್ಥೆಯ ಹಳೆಯ ರೂಪ ಹೇಗಿತ್ತು ಎಂಬುದಕ್ಕೆ ದಾಖಲೆ. 1967ರಲ್ಲಿ ಇಥಿಯೋಪಿಯಾದ ವಿದ್ಯಾರ್ಥಿನಿಯೊಬ್ಬಳಿಗೆ ಲ್ಯಾಂಕಶೈರ್‌ನಲ್ಲಿ ಹುಟ್ಟಿದ ಮಗು ಅವರು. ಅವರಿಗೆ ನಾರ್ಮನ್ ಎಂದು ಹೆಸರಿಟ್ಟು ಸಾಕುಕುಟುಂಬಕ್ಕೆ ಕೊಟ್ಟರು. ಹನ್ನೆರಡನೇ ವಯಸ್ಸಿಗೆ ಆ ಕುಟುಂಬ ಅವರನ್ನು ಹಿಂದಿರುಗಿಸಿತು, ಮುಂದೆ ಒಂದಾದ ಮೇಲೆ ಒಂದು ವಸತಿಗೃಹ. ಪಾಲನೆಯಿಂದ ಹೊರಬರುವ ಹೊತ್ತಿಗೆ ಸಿಕ್ಕ ಕಾಗದಗಳಲ್ಲಿ ಅವರ ನಿಜವಾದ ಹೆಸರೂ, ಮಗನನ್ನು ಮರಳಿ ಕೊಡಿ ಎಂದು ತಾಯಿ ಬರೆದಿದ್ದ ಪತ್ರವೂ ಇದ್ದವು. ತಮ್ಮ ಪೂರ್ತಿ ಕಡತ ಕೈಗೆ ಬರಲು ಅವರು ದಶಕಗಟ್ಟಲೆ ಕಾಯಬೇಕಾಯಿತು. ಅವರ ಪಾಲನೆಯ ಹೊಣೆ ಹೊತ್ತಿದ್ದ ವಿಗನ್ ಕೌನ್ಸಿಲ್ 2018ರಲ್ಲಿ ಪರಿಹಾರ ನೀಡಿ ಕ್ಷಮೆ ಕೇಳಿತು. ಮರುವರ್ಷ ಬಂದ ಅವರ ಆತ್ಮಕಥನ 'ಮೈ ನೇಮ್ ಈಸ್ ವೈ' ಆ ಕಡತದ ಪುಟಗಳನ್ನೇ ಇಟ್ಟುಕೊಂಡು ಬೆಳೆಯುತ್ತದೆ. ಪಾಲನೆಯಲ್ಲಿದ್ದ ಮಗುವಿನ ಕಡತವನ್ನು ಆ ವ್ಯಕ್ತಿಗೆ 75 ತುಂಬುವವರೆಗೆ ಕಾಪಾಡಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿ ಈಗ ಇದೆ. ಬೇರೆಯವರ ಬಾಲ್ಯದ ನೆನಪುಗಳು ಮನೆಯ ಆಲ್ಬಮ್ಮಿನಲ್ಲಿ, ಅಜ್ಜಿಯ ಬಾಯಲ್ಲಿ ಇದ್ದರೆ ಇವರದು ಕೌನ್ಸಿಲ್‌ನ ದಫ್ತರದಲ್ಲಿ. ಹಾಗಾಗಿ ಕಡತ ತೆಗೆದುಕೊಡುವುದೂ ಪೋಷಕನ ಕೆಲಸವೇ. ಸಿಸ್ಸೆ 2013ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ 18ರಿಂದ 25ರ ಕೇರ್ ಲೀವರ್‌ಗಳಿಗೆ ಕ್ರಿಸ್‌ಮಸ್ ದಿನದ ಊಟ ಶುರು ಮಾಡಿದರು. ಬಸ್ಸಿಲ್ಲದ, ಅಂಗಡಿ ಮುಚ್ಚಿದ, ಪಿ.ಎ. ರಜೆಯಲ್ಲಿರುವ ಆ ಒಂದು ದಿನಕ್ಕೆ ಯಾವ ಕಾಯ್ದೆಯಲ್ಲೂ ಕಲಂ ಇರಲಿಲ್ಲ.

ಹಣವನ್ನು ಚೀಟಿ, ರಸೀದಿ, ಮಂಜೂರಾತಿಗಳ ಗೊಡವೆ ಇಲ್ಲದೆ ನೇರ ಕೈಗೆ ಕೊಟ್ಟರೆ ಏನಾಗುತ್ತದೆ ಎಂದು ನೋಡಲು ಹೊರಟದ್ದು ವೇಲ್ಸ್. ಆಗ ಅಲ್ಲಿ ಫಸ್ಟ್ ಮಿನಿಸ್ಟರ್ ಆಗಿದ್ದ ಮಾರ್ಕ್ ಡ್ರೇಕ್‌ಫರ್ಡ್ ರಾಜಕೀಯಕ್ಕೆ ಬರುವ ಮೊದಲು ಪ್ರೊಬೇಷನ್ ಅಧಿಕಾರಿಯಾಗಿ ದುಡಿದವರು. 2022ರ ಜುಲೈನಿಂದ ಒಂದು ವರ್ಷದೊಳಗೆ ಹದಿನೆಂಟು ತುಂಬಿದ ಕೇರ್ ಲೀವರ್‌ಗಳಿಗೆ ಎರಡು ವರ್ಷ ಕಾಲ ತಿಂಗಳಿಗೆ 1,600 ಪೌಂಡ್, ತೆರಿಗೆ ಕಳೆದು 1,280, ಷರತ್ತಿಲ್ಲ. ಆರುನೂರಕ್ಕೂ ಹೆಚ್ಚು ಜನ ಸೇರಿದರು. ಇಲ್ಲಿಯೂ ಎರಡು ಸರ್ಕಾರಗಳ ಕಿಸೆಯ ಪ್ರಶ್ನೆ ಅಡ್ಡಬಂತು. ಲಂಡನ್ನಿನ ಸರ್ಕಾರ ಇದನ್ನು ಆದಾಯವೆಂದೇ ಪರಿಗಣಿಸಿದ್ದರಿಂದ ಇತರ ಭತ್ಯೆಗಳು ಕಡಿತಗೊಂಡವು. ಸಿಬ್ಬಂದಿಯ ನೆರವಿರುವ ದುಬಾರಿ ವಸತಿಗಳಲ್ಲಿ ಇದ್ದವರಿಗೆ, ಮೊದಲು ಸರ್ಕಾರ ತುಂಬುತ್ತಿದ್ದ ಬಾಡಿಗೆ ಈಗ ತಮ್ಮದೇ ಹೊರೆಯಾಯಿತು. ಸ್ಕಾಟ್ಲೆಂಡ್ ಇನ್ನೊಂದು ದಾರಿ ಹಿಡಿದಿದೆ: ಅಲ್ಲಿ ನೆರವಿನ ಗಡಿ 26, ಮತ್ತು 2014ರ ಕಾಯ್ದೆ ಪೋಷಕರ ಪಟ್ಟಿಯಲ್ಲಿ ಕೌನ್ಸಿಲ್ ಜೊತೆಗೆ ಪೊಲೀಸ್, ಆರೋಗ್ಯ ಮಂಡಳಿ, ವಿಶ್ವವಿದ್ಯಾಲಯ, ಅಗ್ನಿಶಾಮಕ ದಳವನ್ನೂ ಸೇರಿಸಿದೆ.

ಕನ್ನಡದ ಓದುಗರಿಗೆ ಇಲ್ಲಿನ ಬಾಲಮಂದಿರದ ಮಕ್ಕಳ ನೆನಪಾಗದಿರದು. ನಮ್ಮಲ್ಲಿ ಈ ಕೆಲಸ ನಗರಸಭೆ, ಪಾಲಿಕೆಗಳದಲ್ಲ, ರಾಜ್ಯದ ಮಹಿಳಾ ಮತ್ತು ಮಕ್ಕಳ ಇಲಾಖೆಯದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ್ದು. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಹದಿನೆಂಟು ತುಂಬಿ ಹೊರಡುವವರಿಗೆ ಹಣದ ನೆರವು ಕೊಡಬಹುದು ಎನ್ನುತ್ತದೆ; ನಿಯಮಗಳಲ್ಲಿ ಅನುಪಾಲನೆಯ ಗಡಿ 21, ವಿಶೇಷ ಸಂದರ್ಭದಲ್ಲಿ 23. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ದರ ತಿಂಗಳಿಗೆ 4,000 ರೂಪಾಯಿ. ಪಿ.ಎ. ಎಂಬಂಥ ಹಕ್ಕಿನ ಹುದ್ದೆ ಇಲ್ಲ. 'ಕೊಡಬಹುದು' ಮತ್ತು 'ಕೊಡಲೇಬೇಕು' ಇವುಗಳ ನಡುವಿನ ದೂರ ದಾಟಲು ಇಂಗ್ಲೆಂಡಿಗೆ 1989ರಿಂದ 2001ರವರೆಗೆ ಬೇಕಾಯಿತು.

ದಾಟಿದ ಮೇಲೂ ಅಲ್ಲಿನ ಅಂಕಿಗಳು ಸಮಾಧಾನ ಕೊಡುವಂತಿಲ್ಲ. 2024ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಕೌನ್ಸಿಲ್‌ಗಳ ಪಾಲನೆಯಲ್ಲಿದ್ದ ಮಕ್ಕಳು 83,630. ಅದೇ ವರ್ಷ 19ರಿಂದ 21ರ ಕೇರ್ ಲೀವರ್‌ಗಳಲ್ಲಿ ಶೇ 39ರಷ್ಟು ಮಂದಿ ಓದಿನಲ್ಲೂ ಕೆಲಸದಲ್ಲೂ ತರಬೇತಿಯಲ್ಲೂ ಇರಲಿಲ್ಲ. ಆ ವಯಸ್ಸಿನ ಒಟ್ಟು ಜನರಲ್ಲಿ ಈ ಪ್ರಮಾಣ ಸುಮಾರು ಶೇ 13. ಮನೆಯಿಲ್ಲದೆ ಕೌನ್ಸಿಲ್‌ನ ವಸತಿ ವಿಭಾಗದ ಮುಂದೆ ನಿಂತ 18ರಿಂದ 20ರ ಕೇರ್ ಲೀವರ್‌ಗಳ ಸಂಖ್ಯೆ ವರ್ಷಕ್ಕೆ ನಾಲ್ಕು ಸಾವಿರ ದಾಟಿದೆ, ಐದು ವರ್ಷದಲ್ಲಿ ಅರ್ಧಪಟ್ಟು ಏರಿಕೆ. ಶಾಲೆ, ಮಕ್ಕಳ ಸೇವೆಗಳ ತಪಾಸಣೆ ಮಾಡುವ ಆಫ್‌ಸ್ಟೆಡ್ 2023ರಿಂದ ಕೇರ್ ಲೀವರ್‌ಗಳ ಸ್ಥಿತಿಗೆ ಪ್ರತ್ಯೇಕ ಶ್ರೇಣಿ ಕೊಡತೊಡಗಿದೆ, ಕೌನ್ಸಿಲ್‌ಗಳು ಅದಕ್ಕೆ ಹೆದರುತ್ತವೆ. ಆದರೆ ಅದೇ ವರ್ಷ ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ ನಗರ ಕೌನ್ಸಿಲ್‌ಗಳು ಬಜೆಟ್ ಸರಿದೂಗಿಸಲಾಗದೆ ಕೈಚೆಲ್ಲಿ, ಕಾನೂನು ಕಡ್ಡಾಯ ಮಾಡಿದ್ದನ್ನು ಬಿಟ್ಟು ಹೊಸ ಖರ್ಚೆಲ್ಲ ಬಂದ್ ಎಂದು ಸಾರಿದವು. ಇಂಥ ಹೊತ್ತಿನಲ್ಲಿ ಮೊದಲು ಕತ್ತರಿಗೆ ಸಿಗುವುದು ಕಡ್ಡಾಯವಲ್ಲದ ಪಟ್ಟಿ: ಬಸ್ ಪಾಸು, ಚಾಲನೆ ತರಬೇತಿ, ಜಾಮೀನು ಸಹಿ.

ನೂರಕ್ಕೂ ಹೆಚ್ಚು ಕೌನ್ಸಿಲ್‌ಗಳು ಪಾಲನೆಯಲ್ಲಿ ಬೆಳೆದದ್ದನ್ನು ಜನಾಂಗ, ಅಂಗವೈಕಲ್ಯಗಳ ಹಾಗೆ ತಾರತಮ್ಯದಿಂದ ರಕ್ಷಣೆ ಪಡೆಯಬೇಕಾದ ಗುರುತು ಎಂದು ಠರಾವು ಮಾಡಿವೆ. 2022ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮಕ್ಕಳ ಪಾಲನಾ ವ್ಯವಸ್ಥೆಯ ಕುರಿತ ಜಾಶ್ ಮ್ಯಾಕಲಿಸ್ಟರ್ ನೇತೃತ್ವದ ಪರಿಶೀಲನಾ ವರದಿಯೂ ಇದನ್ನೇ ಶಿಫಾರಸು ಮಾಡಿತ್ತು. ಠರಾವಿಗೆ ಖರ್ಚಿಲ್ಲ ಎಂಬುದೂ ಅದು ಇಷ್ಟು ಬೇಗ ಹಬ್ಬಲು ಒಂದು ಕಾರಣ ಇರಬಹುದು.

ಹಣದ ಗಡಿಯಾರ ಬಡಿಯುವುದು 25ನೇ ಹುಟ್ಟುಹಬ್ಬದಂದು. ಪಿ.ಎ. ಕಡತ ಮುಚ್ಚುತ್ತದೆ. ಕೌನ್ಸಿಲ್ ಟ್ಯಾಕ್ಸ್ ವಿನಾಯಿತಿ ಇರುವ ಊರುಗಳಲ್ಲಿ ಅದೂ ಮುಗಿಯುತ್ತದೆ. ಕೆಲಸವಿಲ್ಲದಿದ್ದರೆ ಸಿಗುವ ಯೂನಿವರ್ಸಲ್ ಕ್ರೆಡಿಟ್ ಭತ್ಯೆ ದೊಡ್ಡವರ ದರಕ್ಕೆ ಏರುತ್ತದೆ, 2025-26ರ ಲೆಕ್ಕದಲ್ಲಿ ತಿಂಗಳಿಗೆ 316.98 ಪೌಂಡ್‌ನಿಂದ 400.14ಕ್ಕೆ. ಆದರೆ ಖಾಸಗಿ ಮನೆಯಲ್ಲಿ ಒಂಟಿಯಾಗಿ ಇರುವವರ ಬಾಡಿಗೆ ನೆರವು ಇಳಿಯುತ್ತದೆ. 35ರ ಒಳಗಿನ ಒಂಟಿ ಬಾಡಿಗೆದಾರರಿಗೆ ಹಂಚಿಕೊಂಡ ಮನೆಯ ಒಂದು ಕೋಣೆಯ ದರವಷ್ಟೇ ಎಂಬುದು ಸಾಮಾನ್ಯ ನಿಯಮ. ಕೇರ್ ಲೀವರ್‌ಗಳಿಗೆ ಒಂದು ಬೆಡ್‌ರೂಮ್ ಮನೆಯ ದರ ಕೊಡುವ ವಿನಾಯಿತಿ 2021ರ ಜೂನ್‌ವರೆಗೆ 22ಕ್ಕೆ ಮುಗಿಯುತ್ತಿತ್ತು, ಈಗ 25ಕ್ಕೆ ಮುಗಿಯುತ್ತದೆ. ಏರಿದ ಎಂಬತ್ತಮೂರು ಪೌಂಡು ಲಂಡನ್ನಿನಂಥ ಊರಿನಲ್ಲಿ ಆ ಇಳಿಕೆಯನ್ನು ತುಂಬುವುದಿಲ್ಲ. ಬಾಡಿಗೆ ಒಪ್ಪಂದದಲ್ಲಿ ಬರೆದ ಮೊತ್ತ ಮಾತ್ರ ಹಿಂದಿನ ತಿಂಗಳು ಇದ್ದಷ್ಟೇ ಇರುತ್ತದೆ, ಉಳಿದದ್ದನ್ನು ಆ ಹುಡುಗ ಎಲ್ಲಿಂದಾದರೂ ಹೊಂದಿಸಬೇಕು, ಇಲ್ಲವೇ ಮನೆ ಖಾಲಿ ಮಾಡಬೇಕು.